ಹಾಜರಿ ಕೊರತೆ

ಫೆಬ್ರವರಿಯಲ್ಲಿ ನೋಟಿಸ್ ಬೋರ್ಡಿಗೆ ಪಟ್ಟಿ ಬಿತ್ತು:
ಎಪ್ಪತ್ತೈದಕ್ಕಿಂತ ಕಡಿಮೆ ಇದ್ದವರು, ದಂಡ, ಮನೆಯವರ ಸಹಿ.
ರೋಲ್ ನಂಬರ್ ಮೂವತ್ತೇಳು, ಮೋಕ್ಷಿತ್ ಕರ್ಕೇರ,
ಶೇಕಡಾ ಐವತ್ತೆರಡು.

ನಗು ಬಂತು ನನಗೆ. ಕೂಡಿಸುವಾಗ ತಪ್ಪಿರಬೇಕು.
ದಿನಾ ಇರ್ತಾನಲ್ಲ ಇವ, ಕಿಟಕಿಯ ಪಕ್ಕ,
ಅಂಗಿಯ ತೋಳಿನಲ್ಲಿ ಮೀನಿನ ಹುರುಪೆಯೊಂದು
ಹೊಳೆಯುತ್ತ ಅಂಟಿಕೊಂಡಿರುತ್ತದೆ.
ರಿಜಿಸ್ಟರು ತೆಗೆದೆ.
ನನ್ನದೇ ಅಕ್ಷರ, ನನ್ನದೇ ಕೆಂಪು ಶಾಯಿ,
ಆಬ್ಸೆಂಟು ಆಬ್ಸೆಂಟು ಆಬ್ಸೆಂಟು
ಕೆಂಜಿರುವೆ ಸಾಲಿನ ಹಾಗೆ.

ಕರೆಸಿ ಕೇಳಿದೆ: ಎಂತ ಇದು?
'ಪ್ರೆಸೆಂಟ್' ಅನ್ನುವುದರ ಮೊದಲ ಅಕ್ಷರಕ್ಕೆ
ಅವನ ತುಟಿಗಳು ಸೇರಿದವು.
ಸೇರಿದ್ದು ಬಿಡಲಿಲ್ಲ.
ಕುತ್ತಿಗೆಯ ನರ ಉಬ್ಬಿತು. ಫ್ಯಾನು ತಿರುಗಿತು, ತಿರುಗಿತು.
ಕೊನೆಗೆ ನನ್ನ ಪೆನ್ನನ್ನೇ ಎತ್ತಿಕೊಂಡು
ಅಂಗೈ ಮೇಲೆ ಬರೆದು ತೋರಿಸಿದ:
ನಾನು ಹೇಳುವಷ್ಟರಲ್ಲಿ ನೀವು ಮೂವತ್ತೆಂಟಕ್ಕೆ ಹೋಗಿರ್ತೀರಿ.

ಅರವತ್ತೆರಡು ಹೆಸರು, ಮೂರು ನಿಮಿಷ.
ಹೌದು, ಹೋಗಿರ್ತೇನೆ.
ಹದಿನಾಲ್ಕು ವರ್ಷದಿಂದ ಹೋಗ್ತಾ ಇದ್ದೇನೆ.

ಬೆಳಗ್ಗೆ ನಾಲ್ಕಕ್ಕೆ ದಕ್ಕೆಯಲ್ಲಿ
ಬಂಗುಡೆ ಏಲಂ ಕೂಗುವ ಹುಡುಗನಿಗೆ
ಕ್ಲಾಸಿನಲ್ಲೆಂತ ಹೆದರಿಕೆ, ಅನ್ನಬಹುದು ನೀವು.
ಇಲ್ಲ ಮಾರಾಯ್ರೆ. ಕೂಗುವುದು ಅವನ ಮಾಮಿ,
ಆ ಗಂಟಲು ಮೂರು ಬೋಟಿಗೆ ಸಾಕು.
ಇವನದು ಲೆಕ್ಕ ಬರೆಯುವ ಕೆಲಸ. ಅಲ್ಲಿಯೂ ಮಾತಿಲ್ಲ.
ತುಳು ಕೈಹಿಡಿಯಲಿಲ್ಲ, ಕನ್ನಡ ಹಿಡಿಯಲಿಲ್ಲ,
ಇಂಗ್ಲಿಷಿನ ಸುದ್ದಿ ಬಿಡಿ.

ಕನ್ನಡಿ ಮುಂದೆ ನಿಂತು ಮಾತಾಡು ಅಂದೆ.
ಕನ್ನಡಿಯ ಮುಂದೆ ಅವನಿಗೆ ತೊಂದರೆಯೇ ಇಲ್ಲವಂತೆ,
ಅದು ಹಾಜರಿ ಕರೆಯುವುದಿಲ್ಲ.
ಹೆದರ್ಬೇಡ ಅಂದೆ.
ಅಷ್ಟು ಹೆದರಿಸುವ ಮಾತು ಇನ್ನೊಂದಿಲ್ಲ.

ಕೊನೆಗೆ ಗುರುವಾರ, ಮೂರೂವರೆಯ ಮೇಲೆ,
ಲ್ಯಾಬಿನ ಹಿಂದಿನ ಕೋಣೆ.
ಅವನು, ತಲೆ ಎತ್ತದ ಅಫ್ರೀನಾ,
ಉತ್ತರದ ಬದಲು ನಗುವ ಲವಿಟಾ,
ಒಂದು ಪೊಟ್ಟಣ ನೆಲಗಡಲೆ.
ನಿಯಮ ಒಂದೇ: ಒಬ್ಬರು ಮಾತು ಹುಡುಕುವಾಗ
ಉಳಿದವರು ಹುಡುಕಿ ಕೊಡಬಾರದು.
ಕಾಯಬೇಕು. ಕಡಲೆ ತಿನ್ನಬಹುದು.

ಕಾಯುವುದು ಎಷ್ಟು ಕಷ್ಟ ಗೊತ್ತುಂಟಾ?
ಅವನ ಅರ್ಧ ಪದವನ್ನು ಮುಗಿಸಿಕೊಡಲು
ನನ್ನ ನಾಲಿಗೆ ಚಪ್ಪಲಿ ಹಾಕಿಕೊಂಡು ಹೊರಟೇಬಿಡುತ್ತಿತ್ತು.
ಹಲ್ಲು ಕಚ್ಚಿ ಹಿಡಿದೆ.

ಕೆಳಗೆ ರಸ್ತೆಯಲ್ಲಿ ಕಂಡಕ್ಟರು
ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್!
ಮೂರನೆಯ ಗುರುವಾರ ಅದನ್ನು ಕೇಳಿ
ಮೋಕ್ಷಿತ್ ತಲೆ ಓರೆ ಮಾಡಿದ.
'ಅವ... ಅವ... ಅವನಿಗೂ ಉಂಟು ಮೇಡಂ ನನ್ನದೇ ಕಾಯಿಲೆ.'
ಅಫ್ರೀನಾಳ ಕಡಲೆ ನೆತ್ತಿಗೇರಿತು. ಬೆನ್ನು ತಟ್ಟಿದೆವು.
ತಲೆ ಎತ್ತಿದ್ದು ಅವಳು ಅವತ್ತೇ.

ಮರುದಿನ ಪ್ರಾಂಶುಪಾಲರ ಕೋಣೆ.
ಉದ್ದ ಮೇಜು, ಹನ್ನೊಂದು ಜನ, ಏಸಿಯ ಗುಂಯ್.
ಐವತ್ತೆರಡರ ಕಡತ ಬಂತು.
ನಾನು ಹೇಳಬೇಕಿತ್ತು: ಹುಡುಗ ಬಂದಿದ್ದ ಸಾರ್,
ಬಾರದೆ ಇದ್ದದ್ದು ನಾನು.
ಎದ್ದೆ. 'ಮೋಕ್ಷಿತ್' ಅನ್ನುವುದಕ್ಕೆ ತುಟಿ ಸೇರಿದವು.
ಬಿಡಲಿಲ್ಲ.
ಯಾರದೋ ಕೈ ಮುಂದಿನ ಕಡತಕ್ಕೆ ಹೋಯಿತು.

ಅವನು ಹೇಳಿಕೊಟ್ಟಿದ್ದ, ಯಾವುದೋ ಗುರುವಾರ:
ತುಟಿ ಒತ್ತಬೇಡಿ ಮೇಡಂ,
ಬಿಸಿ ಗಂಜಿಗೆ ಊದುವ ಹಾಗೆ ಮೊದಲು ಗಾಳಿ ಬಿಡಿ,
ಮಾತು ಹಿಂದಿನಿಂದ ನಡ್ಕೊಂಡು ಬರ್ತದೆ.

ಊದಿದೆ. ಎದುರಿನ ಕಾಗದ ಸ್ವಲ್ಪ ಅಲ್ಲಾಡಿತು.
'ನಿಲ್ಲಿ' ಅಂದೆ.
'ಮೂವತ್ತೇಳು ಇನ್ನೂ ಮುಗಿದಿಲ್ಲ.'

ಈಗ ಹಾಜರಿಗೆ ಒಂಬತ್ತು ನಿಮಿಷ ಹಿಡಿಯುತ್ತದೆ.
ಬೇಡಿಕೆಯ ಪಾಠ ಆಯಿತು, ಪೂರೈಕೆ ಬಾಕಿ.
ಕೆಲವು ದಿನ ಅವನಿಗೆ ಬರುತ್ತದೆ,
ಕೆಲವು ದಿನ ಅರ್ಧ ಬರುತ್ತದೆ,
ನಿನ್ನೆ ಬರಲೇ ಇಲ್ಲ, ಕೈ ಎತ್ತಿದ, ಸಾಕಾಯಿತು.
ಮೂವತ್ತೆಂಟರ ಧನ್ಯಶ್ರೀಗೂ ಈಗ ಅವಸರವಿಲ್ಲ.

ಮೂವತ್ತೇಳು, ಅನ್ನುತ್ತೇನೆ.
ಪೆನ್ನು ಕೆಳಗಿಡುತ್ತೇನೆ.